ಓಣಿಯ ಹಾಡಿಗೆ ಕರೆಂಟು ಬಂದ ಬಗೆ

ವಿಜಯಪುರ ಜಿಲ್ಲೆಯ ಸಂತೆ, ಜಾತ್ರೆ, ಮೆರವಣಿಗೆಗಳಲ್ಲಿ ಇಂದು ಕಿವಿಗೆ ಬೀಳುವ ಬೀದಿ ಸಂಗೀತದ ಬಹುಪಾಲು ಬ್ಯಾಟರಿ ಅಥವಾ ಜನರೇಟರಿನ ಬಲದ ಮೇಲೆ ನಡೆಯುತ್ತದೆ. ಗಾಡಿಯ ಮೇಲೊಂದು ಕ್ಯಾಸಿಯೊ, ಪಕ್ಕದಲ್ಲೊಂದು ಪ್ಯಾಡು, ಕೆಳಗೊಂದು ಆಂಪ್ಲಿಫೈಯರು, ಮೇಲೆರಡು ಹಾರ್ನು. ಊರೂರು ತಿರುಗಿ ಹಾಡಿ ಹೊಟ್ಟೆ ಹೊರೆಯುವ ವೃತ್ತಿ ಈ ಸೀಮೆಗೆ ಹೊಸದಲ್ಲ, ಅದಕ್ಕೆ ಹಲವು ಶತಮಾನಗಳ ವಯಸ್ಸಿದೆ. ಹೊಸದೆಂದರೆ ಅದಕ್ಕೆ ಜೊತೆಯಾದ ವಿದ್ಯುತ್ತು. ಅದು ಬಂದ ಮೇಲೆ ಹಾಡು ಎಷ್ಟು ಬದಲಾಯಿತು ಎನ್ನುವುದಕ್ಕಿಂತ ಹಾಡುವ ಮೇಳದಲ್ಲಿ ಎಷ್ಟು ಜನ ಉಳಿದರು ಎಂಬುದನ್ನು ನೋಡಿದರೆ ಈ ಬದಲಾವಣೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಬಬಲೇಶ್ವರ ತಾಲ್ಲೂಕಿನ ಕಾಖಂಡಕಿ ಈ ಚರಿತ್ರೆಯ ಹಳೆಯ ತುದಿಯಲ್ಲಿ ನಿಲ್ಲುವ ಊರು. ಹೊರಗಿನವರಿಗೆ ಅದು ಎತ್ತು ಓಡಿಸುವ ಕಾರಹುಣ್ಣಿಮೆಯ ಕರಿಗಾಗಿ ಗೊತ್ತು. ಕನ್ನಡ ಸಾಹಿತ್ಯ ಓದಿದವರಿಗೆ ಮಹಿಪತಿದಾಸರ ಊರಾಗಿ ಗೊತ್ತು. ಮಹಿಪತಿದಾಸರ ಕಾಲ 1611ರಿಂದ 1681 ಎಂದು ಹೇಳುತ್ತಾರೆ. ಹರಿದಾಸ ಪರಂಪರೆಯಲ್ಲಿ ಪುರಂದರದಾಸರ ಪೀಳಿಗೆ ಮುಗಿದು ವಿಜಯದಾಸರ ಪೀಳಿಗೆ ಇನ್ನೂ ಶುರುವಾಗದ ನಡುಗಾಲ ಅದು. ಆದಿಲಶಾಹಿ ದರಬಾರಿನಲ್ಲಿ ಹಣಕಾಸಿನ ಹೊಣೆ ಹೊತ್ತಿದ್ದ ಮಹಿಪತಿರಾಯರು ಸೂಫಿ ಸಂತರೊಬ್ಬರ ಭೇಟಿಯಿಂದ ಮನಸ್ಸು ತಿರುಗಿ ಅಧಿಕಾರ ಬಿಟ್ಟರು, ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶ ಪಡೆದರು, ಆಮೇಲೆ ಕಾಖಂಡಕಿಯಲ್ಲಿ ನೆಲೆ ನಿಂತರು ಎಂಬುದು ಈ ಭಾಗದ ಐತಿಹ್ಯ. ಅವರ ಪದಗಳು ಕನ್ನಡದ ಜೊತೆಗೆ ಮರಾಠಿ, ಹಿಂದೂಸ್ತಾನಿಗಳಲ್ಲೂ ಇವೆ. ವಿಜಾಪುರದ, ಅಂದರೆ ಇಂದಿನ ವಿಜಯಪುರದ, ಪೇಟೆಯಲ್ಲಿ ಅಂದು ಯಾವ ಯಾವ ಮಾತು ಓಡಾಡುತ್ತಿದ್ದವೋ ಆ ಎಲ್ಲ ಮಾತುಗಳಲ್ಲಿ ಹಾಡು ಕಟ್ಟಿದ್ದಾರೆ ಎಂದರೆ, ಕೇಳುಗರು ಯಾರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ದಾಸರ ಹಾಡು ಗುಡಿಯೊಳಗಿನದಲ್ಲ, ಓಣಿಯದು. ಮನೆ ಮನೆಯ ಮುಂದೆ ಹಾಡಿ, ಕೊಟ್ಟಷ್ಟನ್ನು ಗೋಪಾಳ ಬುಟ್ಟಿಗೆ ಹಾಕಿಸಿಕೊಂಡು ಮುಂದೆ ಸಾಗುವುದಕ್ಕೆ ಮಧುಕರವೃತ್ತಿ ಎಂಬ ಹೆಸರಿತ್ತು. ಅದಕ್ಕೆ ಬೇಕಾದ ಸಲಕರಣೆಯನ್ನು ಒಬ್ಬನೇ ಮೈಮೇಲೆ ಹೊತ್ತು ನಡೆಯಬಲ್ಲವನಾಗಿದ್ದ. ಹೆಗಲಿಗೆ ಒರಗಿಸಿದ ತಂಬೂರಿ, ಎಡಗೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ. ಶ್ರುತಿ, ತಾಳ, ಲಯ ಮೂರೂ ಒಂದೇ ಮೈಯಲ್ಲಿ. ಅದೇ ಕಾಲಕ್ಕೆ ಅರಮನೆಯಲ್ಲೂ ತಂಬೂರಿಗೆ ಮರ್ಯಾದೆ ಕಡಿಮೆ ಇರಲಿಲ್ಲ. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಹಾ ಸಂಗೀತಕ್ಕೆಂದೇ ‘ಕಿತಾಬ್-ಎ-ನವರಸ್’ ಬರೆದ, ತೊರವಿಯ ಬಳಿ ನವರಸಪುರ ಕಟ್ಟಿಸಲು ಹೊರಟ, ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ. 1686ರಲ್ಲಿ ಔರಂಗಜೇಬನ ಕೈಗೆ ವಿಜಾಪುರ ಹೋಗಿ ದರಬಾರು ಚದುರಿತು. ಓಣಿಯ ತಂಬೂರಿಗೆ ಅಂಥ ದೊಡ್ಡ ಆಶ್ರಯ ಯಾವತ್ತೂ ಇರಲಿಲ್ಲ. ಕಳೆದುಕೊಳ್ಳಲೂ ಏನೂ ಇರಲಿಲ್ಲ.

ದಾಸರಷ್ಟೇ ಅಲ್ಲ, ಈ ಬಯಲುಸೀಮೆಯಲ್ಲಿ ತಿರುಗಿ ಹಾಡುವವರ ಸಾಲೇ ಇತ್ತು. ಅಂಬಾಭವಾನಿಯ ಹೆಸರಿನಲ್ಲಿ ದೀವಟಿಗೆ ಹಿಡಿದು ಸಂಬಾಳ ಬಾರಿಸುವ ಗೊಂದಲಿಗರು, ಚೌಡಿಕೆ ಮಿಡಿಯುತ್ತ ಎಲ್ಲಮ್ಮನ ಪದ ಹೇಳುವ ಜೋಗಮ್ಮಂದಿರು, ಸೋರೆಬುರುಡೆಯ ಕಿನ್ನರಿ ನುಡಿಸುವ ಜೋಗಿಗಳು, ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಒಪ್ಪಿಸುವ ಹೆಳವರು, ನಸುಕಿನಲ್ಲಿ ಬರುವ ಬುಡಬುಡಿಕೆಯವರು, ಪುಂಗಿಯ ಹಾವಾಡಿಗರು. ಕಣದಲ್ಲಿ ರಾಶಿ ಬಿದ್ದಾಗ ಮೊರದ ತುಂಬ ಜೋಳ, ಹಬ್ಬದಲ್ಲಿ ಹಳೆಯ ಸೀರೆ, ಉಳಿದ ದಿನ ಹಿಡಿ ಹಿಟ್ಟು, ಇದು ಅವರ ಸಂಬಳ. ಡೋಣಿ ಹೊಳೆಯ ದಂಡೆಯ ಕರಿನೆಲ ಬೆಳೆದ ವರ್ಷ ಹಾಡುಗಾರರಿಗೂ ಸುಗ್ಗಿ. ಬರ ಬಿದ್ದ ವರ್ಷ ಅವರು ಕೃಷ್ಣೆ ದಾಟಿಯೋ ಭೀಮೆ ದಾಟಿಯೋ ಹೋಗಬೇಕು.

ವಾದ್ಯಗಳ ರಚನೆಯನ್ನು ನೋಡಿದರೆ ಬೀದಿಯ ಷರತ್ತುಗಳು ತಿಳಿಯುತ್ತವೆ. ಹೊರಲು ಹಗುರ ಇರಬೇಕು, ಗದ್ದಲದಲ್ಲಿ ಕೇಳಬೇಕು, ಮುರಿದರೆ ಊರಲ್ಲೇ ರಿಪೇರಿಯಾಗಬೇಕು, ಒಬ್ಬನೇ ಇಬ್ಬರ ಕೆಲಸ ಮಾಡುವಂತಿರಬೇಕು. ಪುಂಗಿಯಲ್ಲಿ ಬುರುಡೆಗೆ ಎರಡು ಕೊಳವಿ ಜೋಡಿಸಿರುತ್ತಾರೆ. ಒಂದು ರಾಗಕ್ಕೆ, ಇನ್ನೊಂದು ಬಿಡದೆ ಮೊಳಗುವ ಶ್ರುತಿಗೆ. ಚೌಡಿಕೆಯಲ್ಲಿ ಕೆಳಬಾಯಿಗೆ ಚರ್ಮ, ಅದರ ನಡುವಿನಿಂದ ಎಳೆದ ಒಂದೇ ತಂತಿ; ಮೀಟಿದರೆ ಸ್ವರವೂ ಹೌದು, ಪೆಟ್ಟೂ ಹೌದು. ಹಲಗಿಯವರ ಗೋಳೇ ಬೇರೆ. ಮಳೆಗಾಲದ ಥಂಡಿಗೆ ಚರ್ಮ ಸಡಿಲಾಗಿ ‘ಭಡ್’ ಎನ್ನತೊಡಗುತ್ತದೆ. ಆಗ ದಾರಿಯ ಬದಿಗೆ ಹುಲ್ಲು, ಕಾಗದ ಒಟ್ಟಿ ಬೆಂಕಿ ಹಚ್ಚಿ, ಹಲಗಿಯನ್ನು ತಿರುಗಿಸಿ ತಿರುಗಿಸಿ ಕಾಸಿ, ಬೆರಳಿನಿಂದ ತಟ್ಟಿ ನೋಡಿ, ‘ಟಣ್’ ಎಂದ ಮೇಲೆಯೇ ಮೆರವಣಿಗೆ ಮುಂದೆ ಹೋಗುವುದು. ಅರ್ಧ ತಾಸಿಗೊಮ್ಮೆ ಈ ಕೆಲಸ. ಪ್ಲಾಸ್ಟಿಕ್ ಹೊದಿಕೆಯ ವಾದ್ಯಗಳು, ಆಮೇಲೆ ವಿದ್ಯುತ್ ಪ್ಯಾಡು ಈ ಸೀಮೆಯಲ್ಲಿ ಅಷ್ಟು ಬೇಗ ಒಪ್ಪಿಗೆಯಾದದ್ದಕ್ಕೆ ಇದೂ ಒಂದು ಕಾರಣ.

ಹಿಮ್ಮೇಳದ ಅಗತ್ಯ ಎದ್ದು ಕಾಣುವುದು ಗೀಗೀ ಪದದಲ್ಲಿ. ಮುಂದೆ ದಪ್ಪು ಹಿಡಿದ ಹಾಡುಗಾರ, ಹಿಂದೆ ತುಂತುಣಿ ಮತ್ತು ತಾಳದವರು. ಇವರಿಲ್ಲದೆ ‘ಗೀ’ ಎಂದು ಸೊಲ್ಲು ಎತ್ತಿ ಹಿಡಿಯುವವರೇ ಇಲ್ಲ. ಹರದೇಶಿ–ನಾಗೇಶಿ ಮೇಳಗಳು ಎದುರುಬದುರಾಗಿ ಕೂತು ಬೆಳತನಕ ವಾದ ಹೂಡುವಾಗ ಕನಿಷ್ಠ ಮೂವರು ಬೇಕು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹುಲಕುಂದದ ಗೀಗೀ ಮೇಳ ಇದೇ ಮೂರು ವಾದ್ಯಗಳ ಮೇಲೆ ಊರೂರಿಗೆ ಸುದ್ದಿ ಮುಟ್ಟಿಸಿತು. ಮೈಕು ಇಲ್ಲದ ಆ ಕಾಲದಲ್ಲಿ ಗಂಟಲೇ ಬಂಡವಾಳ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಹಾರ್ಮೋನಿಯಂ ಬೀದಿಯ ಹಾಡಿಗೆ ಸಿಕ್ಕ ಮೊದಲ ಹೊರನಾಡ ಯಂತ್ರ. ಪ್ಯಾರಿಸ್ಸಿನ ಅಲೆಕ್ಸಾಂಡರ್ ಡೆಬೆನ್ 1842ರಲ್ಲಿ ಅದಕ್ಕೆ ಪೇಟೆಂಟ್ ಪಡೆದಿದ್ದ. ಕಾಲಿನಿಂದ ತಿದಿ ಒತ್ತುವ ಆ ಪೆಟ್ಟಿಗೆಯನ್ನು ನೆಲದ ಮೇಲೆ ಕೂತು ಕೈಯಿಂದ ತಿದಿಯೊತ್ತುವಂತೆ ಮಾರ್ಪಡಿಸಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷರು. ಕಂಪನಿ ನಾಟಕ, ಶ್ರೀಕೃಷ್ಣ ಪಾರಿಜಾತ, ಭಜನಿ ಮೇಳ ಎಲ್ಲೆಡೆ ಅದು ಹೊಕ್ಕಿತು. ಆಕಾಶವಾಣಿ ಮಾತ್ರ ಮೀಂಡು, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಬಾರದ ವಾದ್ಯವೆಂದು 1940ರಿಂದ 1971ರವರೆಗೆ ಅದನ್ನು ಬಾಗಿಲಾಚೆ ಇಟ್ಟಿತ್ತು. ಬೀದಿಯ ಹಾಡುಗಾರನಿಗೆ ಆ ತೀರ್ಪಿನಿಂದ ಆಗಬೇಕಾದ್ದೇನೂ ಇರಲಿಲ್ಲ. ಕೊರಳಿಗೆ ಪಟ್ಟಿ ಕಟ್ಟಿ ಪೆಟ್ಟಿಗೆ ನೇತುಹಾಕಿಕೊಂಡರೆ ನಿಂತೂ ಬಾರಿಸಬಹುದು, ನಡೆದೂ ಬಾರಿಸಬಹುದು. ತುಂತುಣಿಯವನ ಕೆಲಸ ಅದರಲ್ಲೇ ಮುಗಿಯುತ್ತಿತ್ತು. ಮೇಳದಲ್ಲಿ ಒಂದು ತಲೆ ಕಡಿಮೆಯಾಗುವ ರೂಢಿ ಕರೆಂಟಿಗೆ ಮೊದಲೇ ಶುರುವಾಗಿತ್ತು ಎನ್ನಬೇಕು.

ಕರೆಂಟನ್ನು ನಿಜವಾಗಿ ಬೀದಿಗೆ ಎಳೆದು ತಂದ ವಾದ್ಯ ಬ್ಯಾಂಜೊ. ಹೆಸರು ಅಮೆರಿಕದ್ದಾದರೂ ವಾದ್ಯ ಅಲ್ಲಿಯದಲ್ಲ. ಜಪಾನಿನ ನಗೋಯಾದಲ್ಲಿ ಗೊರೊ ಮೊರಿಟಾ ಎಂಬಾತ 1912ರಲ್ಲಿ ತಯಾರಿಸಿದ ತೈಶೊಗೊತೊ ಇಲ್ಲಿಗೆ ಬಂದು ಬುಲ್‌ಬುಲ್ ತರಂಗ್ ಎನಿಸಿತು, ಮಹಾರಾಷ್ಟ್ರ ಮತ್ತು ಗಡಿ ಕರ್ನಾಟಕದ ಬಾಯಲ್ಲಿ ಬ್ಯಾಂಜೊ ಆಯಿತು. ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಉಕ್ಕಿನ ತಂತಿಗಳು, ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ತಂತಿ ಮೀಟುತ್ತದೆ. ಹಾರ್ಮೋನಿಯಂ ಬಲ್ಲವನಿಗೆ ನಾಲ್ಕು ದಿನದಲ್ಲಿ ಬರುತ್ತದೆ, ಬೆಲೆಯೂ ಕಡಿಮೆ. ಅದರ ದನಿ ಸಣ್ಣದು ಎಂಬುದೊಂದೇ ಕೊರತೆ. ತಂತಿಯ ಕೆಳಗೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿಯ ಪಿಕಪ್ ಕೂರಿಸಿ ವೈರನ್ನು ಆಂಪ್ಲಿಫೈಯರಿಗೆ ಕೊಟ್ಟಾಗ ಆ ಕೊರತೆಯೂ ತೀರಿತು. ಢೋಲು, ತಾಸೆಗಳ ಅಬ್ಬರದ ಮೇಲೂ ಬ್ಯಾಂಜೊದ ಕಿರಿಗುಟ್ಟುವ ಚೂಪು ದನಿ ಓಣಿಯ ಆ ತುದಿಗೆ ಕೇಳಿಸತೊಡಗಿತು. ಗಣಪತಿ ಕಳಿಸುವ ದಿನ, ಮದುವೆಯ ಮೆರವಣಿಗೆ, ಊರ ಜಾತ್ರೆ ಎಂದರೆ ‘ಬ್ಯಾಂಜೊ ಪಾರ್ಟಿ’ ಎನ್ನುವಂತಾಯಿತು. ಮುಂಬಯಿಯ ಇಂಥ ಬೀದಿ ಕಲಾವಿದರನ್ನು ಕುರಿತು 2016ರಲ್ಲಿ ‘ಬ್ಯಾಂಜೊ’ ಎಂಬ ಹಿಂದಿ ಸಿನಿಮಾವೂ ಬಂತು.

ಬ್ಯಾಂಜೊ ಮತ್ತು ಕ್ಯಾಸಿಯೊ ಎರಡೂ ವಿದ್ಯುತ್ತಿನವೇ ಆದರೂ ಜಾತಿ ಬೇರೆ. ಬ್ಯಾಂಜೊದಲ್ಲಿ ನಾದ ಹುಟ್ಟುವುದು ತಂತಿಯಲ್ಲೇ. ವಿದ್ಯುತ್ತು ಅದನ್ನು ದೊಡ್ಡದು ಮಾಡುತ್ತದೆ ಅಷ್ಟೆ. ಕರೆಂಟು ಹೋದರೂ ಅದು ಮೂಕವಾಗುವುದಿಲ್ಲ. ಕ್ಯಾಸಿಯೊದಂಥ ವಾದ್ಯದಲ್ಲಿ ಕಂಪಿಸುವ ತಂತಿಯೂ ಇಲ್ಲ, ಚರ್ಮವೂ ಇಲ್ಲ. ಸ್ವರವನ್ನು ಒಳಗಿನ ಸರ್ಕಿಟ್ಟೇ ಹುಟ್ಟಿಸುತ್ತದೆ, ಸ್ಪೀಕರು ಅದನ್ನು ಗಾಳಿಗೆ ಬಿಡುತ್ತದೆ. ಸೆಲ್ಲು ಸತ್ತರೆ ಹಾಡೂ ಸತ್ತಿತು.

ಈ ಎರಡನೆಯ ಜಾತಿಯ ನಾದ ಹಳ್ಳಿಯವರ ಕಿವಿಗೆ ಬಿದ್ದದ್ದು ವಾದ್ಯ ಬರುವುದಕ್ಕೆ ಬಹಳ ಮೊದಲೇ, ಅದೂ ಟೂರಿಂಗ್ ಟಾಕೀಜಿನ ಮೂಲಕ. ಫ್ರಾನ್ಸಿನ ಕಾನ್‌ಸ್ಟಂಟ್ ಮಾರ್ಟಿನ್ 1947ರಲ್ಲಿ ರೂಪಿಸಿದ ಕ್ಲಾವಿಯೋಲಿನ್ ಎಂಬ ವಾಲ್ವಿನ ವಾದ್ಯ ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತಿತ್ತು. 1954ರ ‘ನಾಗಿನ್’ ಚಿತ್ರಕ್ಕೆ ಸಂಗೀತ ಹೇಮಂತ್ ಕುಮಾರ್ ಅವರದು. ಹಾವಾಡಿಗರ ಪುಂಗಿಯ ಅನುಕರಣೆಯಾಗಿ ಅದರಲ್ಲಿ ಕ್ಲಾವಿಯೋಲಿನ್ ನುಡಿಸಿದವರು ಮುಂದೆ ಕಲ್ಯಾಣಜಿ–ಆನಂದಜಿ ಜೋಡಿಯಾಗಿ ಹೆಸರಾದ ಕಲ್ಯಾಣಜಿ. ಪ್ರೇಕ್ಷಕರು ಅದನ್ನು ನಿಜವಾದ ಪುಂಗಿಯೆಂದೇ ನಂಬಿದರು. ಆಮೇಲೆ ಆದದ್ದು ತಮಾಷೆಯಾಗಿದೆ. ಬೀದಿಯ ಹಾವಾಡಿಗರೇ ಸಿನಿಮಾದ ಆ ಧಾಟಿಯನ್ನು ಪುಂಗಿಯಲ್ಲಿ ಊದತೊಡಗಿದರು. ಅವರಿಂದ ಬ್ಯಾಂಡಿನವರು, ಬ್ಯಾಂಡಿನಿಂದ ಬ್ಯಾಂಜೊದವರು, ಅವರಿಂದ ಕ್ಯಾಸಿಯೊದವರು ಎತ್ತಿಕೊಂಡರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬುಟ್ಟಿಯಲ್ಲಿ ಹಾವು ಇಟ್ಟುಕೊಂಡು ತಿರುಗುವುದು ಅಪರಾಧವಾಯಿತು. ಪುಂಗಿಯವರು ಓಣಿಯಿಂದ ಮರೆಯಾಗುತ್ತ ಬಂದರೂ ಮದುವೆ ಮೆರವಣಿಗೆಯಲ್ಲಿ ಬಾಯಿಗೆ ಕರವಸ್ತ್ರ ಕಚ್ಚಿ ಹೆಡೆಯಾಡಿಸುವ ಹುಡುಗರಿಗೆ ಆ ಧಾಟಿ ಇಂದಿಗೂ ಬೇಕೇ ಬೇಕು.

ಕ್ಯಾಸಿಯೊ ಎಂಬುದು ಒಂದು ಜಪಾನಿ ಕಂಪನಿಯ ಹೆಸರು. ಕ್ಯಾಲ್ಕುಲೇಟರು, ಗಡಿಯಾರ ಮಾಡುತ್ತಿದ್ದ ಆ ಕಂಪನಿ 1980ರಲ್ಲಿ ಕ್ಯಾಸಿಯೊಟೋನ್ 201 ಮಾದರಿಯೊಂದಿಗೆ ವಾದ್ಯದ ವ್ಯಾಪಾರಕ್ಕಿಳಿಯಿತು. ಅಲ್ಲಿಂದ ಮುಂದೆ ಉತ್ತರ ಕರ್ನಾಟಕದಲ್ಲಿ ಯಾವ ಕಂಪನಿಯ ಕೀಬೋರ್ಡಾದರೂ ಅದು ಕ್ಯಾಸಿಯೊನೇ; ಯಮಹಾ ಕ್ಯಾಸಿಯೊ, ರೋಲ್ಯಾಂಡ್ ಕ್ಯಾಸಿಯೊ ಎಂದು ಹೇಳುವವರೂ ಇದ್ದಾರೆ. ಮೊದಲು ಅದನ್ನು ಕೊಂಡವರು ಊರ ಆರ್ಕೆಸ್ಟ್ರಾದವರು ಮತ್ತು ಬ್ಯಾಂಡ್ ಕಂಪನಿಗಳು. ಹಿತ್ತಾಳೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ಟು, ಟ್ರಂಪೆಟ್ಟುಗಳ ಹಿಂಡೇ ಇರುತ್ತಿತ್ತು. ಊದುವವರಿಗೆ ಉಸಿರು ಬೇಕು, ಸಮವಸ್ತ್ರ ಬೇಕು, ಊಟ ಹಾಕಬೇಕು, ಪಾಲು ಕೊಡಬೇಕು. ತಳ್ಳುಗಾಡಿಯ ಮೇಲೆ ಒಂದು ಕ್ಯಾಸಿಯೊ, ಒಂದು ಮೈಕು, ಹಿಂದೆ ಜನರೇಟರು ಇಟ್ಟರೆ ಹತ್ತು ಜನರ ಕೆಲಸ ಒಬ್ಬನಿಂದ ಆಗುತ್ತಿತ್ತು. ಊದುವವರು ಮುಂದೆ ಸಾಲಾಗಿ ನಡೆದರೂ ರಾಗದ ಭಾರ ಹೊತ್ತದ್ದು ಗಾಡಿ.

ತಾಳದ ಕಡೆಗೂ ಹೀಗೆಯೇ ಆಯಿತು. ರೋಲ್ಯಾಂಡ್ ಕಂಪನಿಯ ಆಕ್ಟಪ್ಯಾಡ್ 1985ರಲ್ಲಿ ಮಾರುಕಟ್ಟೆಗೆ ಬಂತು. ಎಂಟು ರಬ್ಬರು ಚೌಕ, ಕೋಲಿನಿಂದ ಬಡಿದರೆ ಒಂದೊಂದಕ್ಕೆ ಒಂದೊಂದು ದನಿ. ಢೋಲಕ್ಕು, ತಬಲಾ, ಕಾಂಗೊ, ಗೆಜ್ಜೆ ಎಲ್ಲ ಒಂದೇ ಹಲಗೆಯಲ್ಲಿ. ಮಳೆಗೆ ಸಡಿಲಾಗುವುದಿಲ್ಲ, ಬೆಂಕಿಗೆ ಹಿಡಿಯಬೇಕಿಲ್ಲ. ಒಂದು ಕಂಪನಿಯ ವಾದ್ಯ ಇನ್ನೊಂದು ಕಂಪನಿಯದರ ಜೊತೆ ಮಾತಾಡಲೆಂದು 1983ರಲ್ಲಿ ಜಾರಿಗೆ ಬಂದ ಮಿಡಿ ಎಂಬ ಒಪ್ಪಂದವೂ ಈ ಹೊಂದಾಣಿಕೆಗೆ ಅನುಕೂಲವಾಯಿತು.

ಹಾರ್ಮೋನಿಯಂ ಬಗ್ಗೆ ಆಕಾಶವಾಣಿ ಎತ್ತಿದ್ದ ಆಕ್ಷೇಪಕ್ಕೆ ಕ್ಯಾಸಿಯೊದಲ್ಲಿ ಉತ್ತರ ಸಿಕ್ಕಿತು. ಎಡಬದಿಯಲ್ಲಿರುವ ಪಿಚ್ ಬೆಂಡ್ ಚಕ್ರವನ್ನು ಹೆಬ್ಬೆರಳಿನಿಂದ ಹೊರಳಿಸಿದರೆ ಸ್ವರ ಜಾರುತ್ತದೆ. ಬಲಗೈ ಶಹನಾಯಿಯ ದನಿಯಲ್ಲಿ ಮನೆ ಒತ್ತುತ್ತಿರುವಾಗ ಎಡಗೈ ಚಕ್ರವನ್ನು ಅರೆಪಾಲು ಎಳೆದು ಬಿಡುವುದು ಈ ಕಡೆಯ ನುಡಿಸುವವರಿಗೆ ಕೈಯಿಗಂಟಿದ ಅಭ್ಯಾಸ. ವಾದ್ಯ ತಯಾರಕರಿಗೂ ಇಲ್ಲಿಯ ಗಿರಾಕಿಯ ಬೇಡಿಕೆ ತಿಳಿಯಿತು. ಯಮಹಾದ ಪಿಎಸ್ಆರ್–ಐ455ದಂಥ ಮಾದರಿಗಳಲ್ಲಿ ಹಾರ್ಮೋನಿಯಂ, ಸಿತಾರ್, ತಬಲಾ, ತಂಬೂರಿಗಳ ದನಿಗಳು ಕಾರ್ಖಾನೆಯಿಂದಲೇ ತುಂಬಿ ಬಂದವು. ಭಾರತಕ್ಕೆಂದೇ ಕ್ಯಾಸಿಯೊ ಕೂಡ ಬೇರೆ ಮಾದರಿಗಳನ್ನು ಹೊರತಂದಿತು.

ತಂಬೂರಿಯ ಮಟ್ಟಿಗೆ ಬದಲಾವಣೆ ಬಂದದ್ದು ಹೊರದೇಶದಿಂದಲ್ಲ, ಬೆಂಗಳೂರಿನಿಂದ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ ಅವರ ರಾಡೆಲ್ ಸಂಸ್ಥೆ 1970ರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ತಂಬೂರಿಯನ್ನು ತಯಾರಿಸಿತು. ಗುಬುಟು ತಿರುಗಿಸಿ ಶ್ರುತಿ ಹೊಂದಿಸಿದರೆ ಸಾಕು, ಪಂಚಮವೋ ಮಧ್ಯಮವೋ ಬೇಕಾದಂತೆ ಮೀಟುತ್ತಲೇ ಇರುತ್ತದೆ. ಕಛೇರಿಯ ಗಾಯಕರಿಗೆಂದು ಹುಟ್ಟಿದ ಈ ಪೆಟ್ಟಿಗೆ ಭಜನಿ ಮೇಳಗಳಿಗೂ ಇಳಿಯಿತು. ದಾಸರ ಪದ ಹಾಡುವ ಮಂಡಳಿಗಳು ನಗರ ಸಂಕೀರ್ತನೆಗೆ ಹೊರಟಾಗ ತಾಳ, ಚಿಟಿಕೆಗಳು ಕೈಯಲ್ಲೇ ಉಳಿದವು. ಹಾಡು ಮತ್ತು ಕುಣಿತ ಮೈಯವು, ಅವನ್ನು ಪೆಟ್ಟಿಗೆಗೆ ಒಪ್ಪಿಸಲಾಗದು. ಶ್ರುತಿಯನ್ನು ಒಪ್ಪಿಸಬಹುದಿತ್ತು, ಒಪ್ಪಿಸಿದರು. ಅಲಂಕಾರಕ್ಕಾಗಿ ತಂಬೂರಿ ಹೆಗಲ ಮೇಲೂ, ಶ್ರುತಿಗಾಗಿ ಪೆಟ್ಟಿಗೆ ಚೀಲದಲ್ಲೂ ಇರುವ ಮಂಡಳಿಗಳೂ ಉಂಟು.

ವಿದ್ಯುತ್ ವಾದ್ಯವನ್ನೇ ಜೀವನಾಧಾರ ಮಾಡಿಕೊಂಡ ಬೀದಿ ಕಲಾವಿದರಲ್ಲಿ ಅಂಧ ಗಾಯಕರ ತಂಡಗಳು ಮುಖ್ಯವಾದವು. ಉತ್ತರ ಕರ್ನಾಟಕದಲ್ಲಿ ಕಣ್ಣಿಲ್ಲದವರಿಗೆ ಸಂಗೀತ ಒಂದು ಗೌರವದ ವೃತ್ತಿಯಾಗಲು ಗದುಗಿನ ವೀರೇಶ್ವರ ಪುಣ್ಯಾಶ್ರಮ ದೊಡ್ಡ ಕಾರಣ. ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರೇ. ಊಟ, ವಸತಿ ಕೊಟ್ಟು ನೂರಾರು ಮಕ್ಕಳಿಗೆ ಗಾಯನ, ತಬಲಾ, ಹಾರ್ಮೋನಿಯಂ ಕಲಿಸಿದರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಕಲಿತವರಲ್ಲಿ ಕೆಲವರಿಗೆ ಶಾಲೆಯ ನೌಕರಿ, ಕೆಲವರಿಗೆ ಮಠದ ಆಸರೆ, ಕೆಲವರಿಗೆ ಕಛೇರಿ. ರಾಜ್ಯದ ಸಂತೆಪೇಟೆಗಳಲ್ಲಿ ಕಾಣುವ ಅಂಧರ ಆರ್ಕೆಸ್ಟ್ರಾಗಳದ್ದು ಇವುಗಳಿಂದ ಬೇರೆಯಾದ, ಇನ್ನಷ್ಟು ಕಷ್ಟದ ದಾರಿ.

ಇಂಥ ತಂಡ ಊರಿಗೆ ಬರುವುದು ಒಂದು ಆಟೊದಲ್ಲೋ ಸಣ್ಣ ಗೂಡ್ಸ್ ಗಾಡಿಯಲ್ಲೋ. ಬಸ್‌ಸ್ಟ್ಯಾಂಡಿನ ಎದುರು, ಸಂತೆಯ ಬಾಯಿಗೆ, ವಿಜಯಪುರದಂಥ ಪಟ್ಟಣವಾದರೆ ಗಾಂಧಿ ಚೌಕದ ಆಸುಪಾಸು ಗಾಡಿ ನಿಲ್ಲುತ್ತದೆ. ಕಣ್ಣಿರುವ ಚಾಲಕ ಸ್ಟ್ಯಾಂಡು ಬಿಚ್ಚಿ ಕೀಬೋರ್ಡು ಇಡುತ್ತಾನೆ. ಕೀಬೋರ್ಡಿಗೆ ಆರು ದೊಡ್ಡ ಸೆಲ್ಲು ಇಲ್ಲವೆ 12 ವೋಲ್ಟ್, ಆಂಪ್ಲಿಫೈಯರಿಗೂ 12 ವೋಲ್ಟ್. ಎರಡೂ ಗಾಡಿಯ ಬ್ಯಾಟರಿಯ ಮೇಲೆಯೇ ನಡೆಯುವಂತಿರುವುದು ಈ ವೃತ್ತಿಯ ಪುಣ್ಯ. ನುಡಿಸುವವನು ಕೂತ ಕೂಡಲೇ ಎರಡು ಕೈಯಿಂದ ಮನೆಗಳ ಉದ್ದಕ್ಕೂ ಸವರುತ್ತಾನೆ. ಎರಡು ಕರಿಮನೆ, ಮೂರು ಕರಿಮನೆ ಎಂಬ ಗುಂಪುಗಳೇ ಅವನಿಗೆ ದಾರಿಗಲ್ಲು. ದನಿ ಬದಲಿಸುವ ಗುಂಡಿಗಳ ಸ್ಥಾನ ಬಾಯಿಪಾಠ. ಪರದೆಯ ಮೇಲೆ ಮೂಡುವ ಸಂಖ್ಯೆ ಅವನಿಗೆ ಕಾಣದು, ಆದ್ದರಿಂದ ಒಂದೊಂದು ಹಾಡಿಗೆ ಎಷ್ಟು ಸಲ ಯಾವ ಗುಂಡಿ ಒತ್ತಬೇಕೆಂಬುದನ್ನು ಲೆಕ್ಕವಿಟ್ಟು ಒತ್ತುತ್ತಾನೆ. ಡಾ. ರಾಜ್‌ಕುಮಾರ್ ಚಿತ್ರಗಳ ಹಾಡು, ಬಸವಣ್ಣನವರ ವಚನ, ಶರೀಫರ ತತ್ವಪದ, ಎಲ್ಲಮ್ಮನ ಪದ, ಕೇಳುವವರು ಯಾರು ನಿಂತಿದ್ದಾರೆ ಎಂಬುದರ ಮೇಲೆ ಸರದಿ ಬದಲಾಗುತ್ತದೆ. ಕಾಣದಿದ್ದರೂ ಚಪ್ಪಾಳೆಯಿಂದ, ಡಬ್ಬಿಗೆ ಬೀಳುವ ನಾಣ್ಯದ ಸದ್ದಿನಿಂದ ಅವರಿಗೆ ಅದು ತಿಳಿಯುತ್ತದೆ. ಅರ್ಧ ತಾಸು ಹಾಡಿ ಮುಂದಿನ ಚೌಕಿಗೆ.

ಕಾನೂನಿನ ಕಣ್ಣಿಗೆ ಈ ವೃತ್ತಿ ಯಾವತ್ತೂ ಅರೆಬರೆ. ಹಿಂದಿನ ಮುಂಬಯಿ ರಾಜ್ಯದ 1959ರ ಕಾಯ್ದೆ ಹಾಡು, ಕುಣಿತ, ಭವಿಷ್ಯ ಹೇಳುವ ನೆಪದಲ್ಲಿ ಕೈಯೊಡ್ಡುವುದನ್ನೂ ಭಿಕ್ಷೆಯೆಂದೇ ಬರೆದಿತ್ತು. ಕರ್ನಾಟಕವೂ 1975ರಲ್ಲಿ ಭಿಕ್ಷಾಟನೆ ನಿಷೇಧ ಕಾಯ್ದೆ ತಂದಿತು. ಮಧುಕರವೃತ್ತಿಯನ್ನು ಪುಣ್ಯವೆಂದು ಕಂಡ ಸಮಾಜ ಹಾಡಿ ಬೇಡುವುದನ್ನು ಅಪರಾಧದ ಅಂಚಿಗೆ ತಂದು ನಿಲ್ಲಿಸಿತು ಎಂಬುದು ಗಮನಿಸಬೇಕಾದ ಮಾತು. ಧ್ವನಿವರ್ಧಕ ಬಂದ ಮೇಲೆ ಇನ್ನೊಂದು ಕಟ್ಟು ಸೇರಿತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಪರವಾನಗಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಬಳಸುವಂತಿಲ್ಲ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಜಾತ್ರೆ, ಹಬ್ಬಗಳಿಗೆ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಬೆಳತನಕ ನಡೆಯುತ್ತಿದ್ದ ಗೀಗೀ ವಾದ, ಪಾರಿಜಾತದ ಆಟಗಳಿಗೆ ಮೈಕು ಕಟ್ಟಿದರೆ ಈ ಗಡಿಯಾರ ಅಡ್ಡ ಬರುತ್ತದೆ.

ಈ ಮಿತಿಗಳನ್ನು ಹೆಚ್ಚಾಗಿ ಮೀರುವುದು ಕ್ಯಾಸಿಯೊದ ಗಾಡಿಯಲ್ಲ, ಡಾಲ್ಬಿ. ಸಿನಿಮಾ ಧ್ವನಿಗೆ ಸಂಬಂಧಿಸಿದ ಒಂದು ಕಂಪನಿಯ ಹೆಸರು ಬೆಳಗಾವಿ, ವಿಜಯಪುರ, ಸಾಂಗಲಿ, ಕೊಲ್ಹಾಪುರಗಳ ಬಾಯಲ್ಲಿ ಟ್ರ್ಯಾಕ್ಟರ್ ಮೇಲೆ ಗೋಡೆಯಂತೆ ಪೇರಿಸಿದ ಸ್ಪೀಕರುಗಳಿಗೆ ಅಂಟಿಕೊಂಡಿದೆ. ಅಲ್ಲಿ ನುಡಿಸುವವರೇ ಇಲ್ಲ. ಲ್ಯಾಪ್‌ಟಾಪಿನ ಮುಂದೆ ಒಬ್ಬ ಹುಡುಗ, ಅವನ ಕೈಯಲ್ಲಿ ಸ್ಟುಡಿಯೊದಲ್ಲಿ ತಯಾರಾದ ಉತ್ತರ ಕರ್ನಾಟಕದ ಜಾನಪದ ಹಾಡುಗಳು. ಆ ಹಾಡುಗಳ ಹಲಗಿ, ಡೊಳ್ಳು, ತುಂತುಣಿಯ ದನಿಗಳೂ ಹೆಚ್ಚಾಗಿ ಕೀಬೋರ್ಡಿನಲ್ಲೇ ಹುಟ್ಟಿದವು. ಬ್ಯಾಂಜೊ ಪಾರ್ಟಿಗಳಿಗೂ ಹಿತ್ತಾಳೆ ಬ್ಯಾಂಡುಗಳಿಗೂ ಮದುವೆಯ ಆರ್ಡರು ಕಡಿಮೆಯಾದದ್ದು ಇದರಿಂದ. ಹಾಗೆಂದು ಚರ್ಮವಾದ್ಯ ಪೂರ್ತಿ ಸೋತಿಲ್ಲ. ಕಾರಹುಣ್ಣಿಮೆಯ ಕರಿಗೆ, ದೇವರ ಪಲ್ಲಕ್ಕಿಗೆ, ಮೊಹರಮ್ಮಿನ ಡೋಲಿಗೆ ಹಲಗಿ ಮತ್ತು ಕರಡಿ ಮಜಲೇ ಆಗಬೇಕು. ಅಲ್ಲಿ ಬಾಜಿನವರು ಸೇವೆಯ ಹಕ್ಕುದಾರರು, ಬಾಡಿಗೆಗೆ ಬಂದವರಲ್ಲ.

ಸಂತೆಯ ಹಾಡುಗಾರರಲ್ಲೂ ಈಚೆಗೆ ಕ್ಯಾಸಿಯೊ ಹಿಂದೆ ಸರಿಯುತ್ತಿದೆ. ಚಕ್ರದ ಮೇಲೆ ಉರುಳುವ, ಒಳಗೇ ಬ್ಯಾಟರಿಯುಳ್ಳ ಬ್ಲೂಟೂತ್ ಸ್ಪೀಕರು ಬಂದ ಮೇಲೆ ಮೊಬೈಲಿನಲ್ಲಿ ಹಾಡಿನ ಹಿನ್ನೆಲೆ ಸಂಗೀತ ಹಚ್ಚಿ ಮೈಕು ಹಿಡಿದರೆ ಒಬ್ಬನೇ ಸಾಕು. ತಂಬೂರಿ, ತಬಲಾದ ಆಪ್‌ಗಳೂ ಅದೇ ಮೊಬೈಲಿನಲ್ಲಿವೆ. ಕಾಸು ಹಾಕುವ ಡಬ್ಬಿಯ ಮೇಲೆ ಕ್ಯೂಆರ್ ಚೀಟಿ ಅಂಟಿದೆ. ದಾಸರ ಕಾಲದಲ್ಲಿ ಒಬ್ಬನಿಂದ ಶುರುವಾದ ಮೇಳ, ಗೀಗೀಯಲ್ಲಿ ಮೂವರಾಗಿ, ಬ್ಯಾಂಡಿನಲ್ಲಿ ಹತ್ತಾರು ಮಂದಿಯಾಗಿ, ಕ್ಯಾಸಿಯೊದಲ್ಲಿ ಇಬ್ಬರು ಮೂವರಿಗೆ ಇಳಿದು, ಈಗ ಮತ್ತೆ ಒಬ್ಬನಲ್ಲಿಗೆ ಬಂದಿದೆ. ಆದರೆ ಈ ಒಬ್ಬನ ಕೈಯಲ್ಲಿ ನುಡಿಸುವ ವಾದ್ಯವಿಲ್ಲ. ಅಂಧರ ತಂಡಗಳಲ್ಲಿ ಮಾತ್ರ ಕೀಬೋರ್ಡು ಬಾರಿಸುವವರು ಇನ್ನೂ ಉಳಿದಿದ್ದಾರೆ. ಮೊಬೈಲಿನ ನುಣುಪು ಪರದೆಗಿಂತ ಬೆರಳಿಗೆ ಸಿಗುವ ಮನೆಗಳೇ ಅವರಿಗೆ ಸಲೀಸು.